ಬಾಲನಟಿಯ ಆತ್ಮಕಥೆ, ನಮ್ಮ ಮನೆಗಳ ಮಕ್ಕಳು: ಓದುಗರ ಪ್ರಶ್ನೆಗಳಿಗೆ ಉತ್ತರ

ಕಳೆದ ಸಂಚಿಕೆಯ ಇದೇ ಅಂಕಣದಲ್ಲಿ ಅಮೆರಿಕದ ನಟಿ ಅಲಿಸನ್ ಆರ್ನ್‌ಗ್ರಿಮ್ 2010ರಲ್ಲಿ ಪ್ರಕಟಿಸಿದ ಆತ್ಮಕಥೆಯನ್ನು ಪರಿಚಯಿಸಿದ್ದೆ. ಆ ಸಂಚಿಕೆ ಸಿಗದವರಿಗಾಗಿ ಎರಡು ಮಾತು. ಆಕೆ 1974ರಲ್ಲಿ ಅಮೆರಿಕದ ಎನ್‌ಬಿಸಿ ವಾಹಿನಿಯಲ್ಲಿ ಆರಂಭವಾದ ಹಳ್ಳಿ ಬದುಕಿನ ಧಾರಾವಾಹಿಯೊಂದರಲ್ಲಿ ನೆಲ್ಲಿ ಓಲ್ಸನ್ ಎಂಬ ಅಂಗಡಿಕಾರನ ಮಗಳ ಪಾತ್ರ ಮಾಡಿದವರು. ಸುರುಳಿಗೂದಲ, ಜಂಬದ, ಹೊಟ್ಟೆಕಿಚ್ಚಿನ ಆ ಹುಡುಗಿಯನ್ನು ಕಂಡರೆ ನೋಡುಗರು ಹಲ್ಲು ಕಡಿಯುತ್ತಿದ್ದರು. ಇಷ್ಟೊಂದು ಹೆಸರು ಮಾಡಿದ ಆ ಬಾಲನಟಿಯ ಮೇಲೆ ಆರನೆಯ ವಯಸ್ಸಿನಿಂದಲೇ ಕುಟುಂಬದವರೊಬ್ಬರು ಲೈಂಗಿಕ ದೌರ್ಜನ್ಯ ನಡೆಸಿದ್ದರು ಎಂಬುದನ್ನು ಆಕೆ ಆ ಪುಸ್ತಕದಲ್ಲಿ ಮುಚ್ಚುಮರೆಯಿಲ್ಲದೆ ಬರೆದಿದ್ದಾರೆ. ಈ ಕುರಿತು ಬಂದ ಪತ್ರಗಳಲ್ಲಿ ಬಳ್ಳಾರಿ, ರಾಯಚೂರು, ಕೊಪ್ಪಳ ಜಿಲ್ಲೆಗಳ ಕೆಲವನ್ನು ಇಲ್ಲಿ ಎತ್ತಿಕೊಂಡಿದ್ದೇನೆ. ವಿಷಯ ಸೂಕ್ಷ್ಮವಾದ್ದರಿಂದ ಯಾರ ಹೆಸರನ್ನೂ ಅಚ್ಚು ಮಾಡಿಲ್ಲ.

ಪ್ರಶ್ನೆ: ನಾನು ನಿವೃತ್ತ ಪ್ರೌಢಶಾಲಾ ಶಿಕ್ಷಕ. ಆ ನಟಿಯ ಬಗ್ಗೆ ನೀವು ಬರೆದದ್ದನ್ನು ಓದಿ ಮರುಕವೇನೋ ಆಯಿತು. ಆದರೆ ಒಂದು ಸಂಶಯ ಹೋಗಲಿಲ್ಲ. ಆರನೆಯ ವಯಸ್ಸಿನಲ್ಲಿ ನಡೆದದ್ದನ್ನು ನಲವತ್ತು ವರ್ಷ ದಾಟಿದ ಮೇಲೆ ಪುಸ್ತಕ ಮಾಡಿ ಮಾರುವುದೆಂದರೆ ಏನರ್ಥ? ಆಗಲೇ ಏಕೆ ಹೇಳಲಿಲ್ಲ? ಹೆತ್ತವರ, ಒಡಹುಟ್ಟಿದವರ ಮಾನವನ್ನು ಹೀಗೆ ಬೀದಿಗೆ ತಂದರೆ ಆಕೆಗೆ ಸಿಕ್ಕಿದ್ದಾದರೂ ಏನು? ಇಂಥ ಬರಹಗಳನ್ನು ನಮ್ಮ ಮನೆಗಳಲ್ಲಿ ಓದಲು ಕೊಡುವುದು ಸರಿಯೇ ಎಂದು ತಿಳಿಸಬೇಕು. — ಬಳ್ಳಾರಿ

ಉತ್ತರ: ಮೇಷ್ಟ್ರೇ, ತಾವು ನೇರವಾಗಿ ಕೇಳಿದ್ದೀರಿ. ಇದೇ ಪ್ರಶ್ನೆಯನ್ನು ಇನ್ನೂ ಹಲವರು ಸುತ್ತಿ ಬಳಸಿ ಕೇಳಿದ್ದಾರೆ. ಆದ್ದರಿಂದ ತಮ್ಮ ಪತ್ರಕ್ಕೇ ವಿವರವಾಗಿ ಉತ್ತರಿಸುತ್ತೇನೆ.

ಮೊದಲು ಕಾಲಕ್ರಮ. ಆಕೆ ಪುಸ್ತಕ ಮಾರುವುದಕ್ಕಾಗಿ ಬಾಯಿ ಬಿಟ್ಟವರಲ್ಲ. ಪುಸ್ತಕ ಬರುವುದಕ್ಕೆ ಐದು ವರ್ಷ ಮೊದಲೇ, ಮಕ್ಕಳ ರಕ್ಷಣೆಗಾಗಿ ದುಡಿಯುವ ಸಂಘಟನೆಯೊಂದರ ಜೊತೆ ಸೇರಿ ಕ್ಯಾಲಿಫೋರ್ನಿಯಾದ ಕಾನೂನೊಂದನ್ನು ಬದಲಾಯಿಸುವ ಹೋರಾಟದಲ್ಲಿ ಆಕೆ ನಿಂತಿದ್ದರು. ಅಲ್ಲಿನ ಹಳೆಯ ಕಾನೂನಿನಲ್ಲಿ ಒಂದು ವಿಚಿತ್ರ ರಿಯಾಯಿತಿ ಇತ್ತು. ಹೊರಗಿನವನೊಬ್ಬ ಮಗುವಿನ ಮೇಲೆ ಕೈ ಮಾಡಿದರೆ ಜೈಲು. ಅದೇ ಕೃತ್ಯವನ್ನು ಮನೆಯವನೇ ಮಾಡಿದರೆ, ಸೆರೆವಾಸವಿಲ್ಲದೆ, ನಡತೆಯ ಮೇಲಿನ ನಿಗಾ ಮತ್ತು ಒಂದಿಷ್ಟು ಆಪ್ತಸಮಾಲೋಚನೆಯಲ್ಲಿ ಪಾರಾಗಲು ಅವಕಾಶ. 2005ರಲ್ಲಿ ಆ ರಿಯಾಯಿತಿಗೆ ಕತ್ತರಿ ಬಿತ್ತು. ಆಕೆಗೆ ಸಿಕ್ಕಿದ್ದೇನು ಎಂದು ತಾವು ಕೇಳಿದ್ದಕ್ಕೆ, ಪುಸ್ತಕದ ದುಡ್ಡನ್ನು ಲೆಕ್ಕಕ್ಕೆ ಹಿಡಿಯುವ ಮುನ್ನ ಇದನ್ನು ಹಿಡಿಯಬೇಕು.

ಆ ರಿಯಾಯಿತಿಯನ್ನು ಇನ್ನೊಮ್ಮೆ ನೋಡಿ. ಮನೆಯ ಗುಟ್ಟು ಮನೆಯಲ್ಲೇ ಇರಲಿ ಎಂದು ನಮ್ಮ ಹಿರಿಯರು ಹೇಳುತ್ತಿದ್ದ ಮಾತನ್ನೇ ಅಲ್ಲಿ ಸರ್ಕಾರ ಕಾನೂನಿನ ಭಾಷೆಯಲ್ಲಿ ಬರೆದಿಟ್ಟಿತ್ತು. ನಮ್ಮ ದೇಶದ ಪೋಕ್ಸೊ ಕಾಯ್ದೆ ಈ ವಿಷಯದಲ್ಲಿ ತಿರುವುಮುರುವು. 2012ರ ನವೆಂಬರ್ 14ರಿಂದ ಜಾರಿಯಲ್ಲಿರುವ ಈ ಕಾಯ್ದೆಯಲ್ಲಿ, ದೌರ್ಜನ್ಯ ಎಸಗಿದವನು ರಕ್ತಸಂಬಂಧಿಯೋ, ದತ್ತು ಅಥವಾ ಮದುವೆಯ ಮೂಲಕ ನೆಂಟನೋ ಆಗಿದ್ದರೆ ಅಪರಾಧದ ತೂಕ ಹೆಚ್ಚುತ್ತದೆ. ಅತ್ಯಾಚಾರದ ಸ್ವರೂಪದ ಕೃತ್ಯವಾದರೆ 2019ರ ತಿದ್ದುಪಡಿಯ ನಂತರ ಕನಿಷ್ಠ 20 ವರ್ಷ ಶಿಕ್ಷೆ. ಅಂದರೆ ಮನೆಯವನು ಎಂಬ ಕಾರಣಕ್ಕೆ ಅಲ್ಲಿ ಶಿಕ್ಷೆ ಕಡಿಮೆಯಾಗುತ್ತಿತ್ತು, ಇಲ್ಲಿ ಅದೇ ಕಾರಣಕ್ಕೆ ಹೆಚ್ಚಾಗುತ್ತದೆ. ಕಾಯ್ದೆ ಇಷ್ಟು ಸ್ಪಷ್ಟವಾಗಿ ಹೇಳಿದರೂ ನಮ್ಮ ಓಣಿಗಳಲ್ಲಿ ಮಾತ್ರ ಇನ್ನೂ ಕ್ಯಾಲಿಫೋರ್ನಿಯಾದ ಹಳೆಯ ಕಾನೂನೇ ನಡೆಯುತ್ತಿದೆ.

ಇನ್ನು, ಆಗಲೇ ಏಕೆ ಹೇಳಲಿಲ್ಲ ಎಂಬುದು. ತಾವು ಮೂವತ್ತು ನಲವತ್ತು ವರ್ಷ ಮಕ್ಕಳ ನಡುವೆ ಇದ್ದವರು. ಸಹಪಾಠಿ ಪೆನ್ಸಿಲ್ ಕಿತ್ತುಕೊಂಡದ್ದನ್ನು ಓಡಿ ಬಂದು ಹೇಳುವ ಮಗು, ಮನೆಯಲ್ಲಿ ತಂದೆ ಕುಡಿದು ಬಂದು ಹೊಡೆದದ್ದನ್ನು ಹೇಳದೆ ಬರೆಯನ್ನು ತೋಳಿನಡಿ ಮುಚ್ಚಿಕೊಂಡು ಕೂರುವುದನ್ನು ತಾವು ಕಂಡಿರುತ್ತೀರಿ. ಯಾರ ಮೇಲೆ ತನ್ನ ಊಟ, ನಿದ್ದೆ, ನಾಳೆ ಎಲ್ಲವೂ ನಿಂತಿದೆಯೋ ಅವರ ಮೇಲೆ ದೂರು ಹೇಳುವುದು ಮಗುವಿಗೆ ತಾನು ನಿಂತ ನೆಲವನ್ನೇ ಅಗೆದುಕೊಂಡಂತೆ. ಕೇಂದ್ರ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 13 ರಾಜ್ಯಗಳ 12,447 ಮಕ್ಕಳನ್ನು ಮಾತಾಡಿಸಲಾಗಿತ್ತು. ಅವರಲ್ಲಿ ಶೇ. 53.22ರಷ್ಟು ಮಕ್ಕಳು ಒಂದಲ್ಲ ಒಂದು ಬಗೆಯ ಲೈಂಗಿಕ ಕಿರುಕುಳಕ್ಕೆ ಒಳಗಾಗಿದ್ದರು. ಕಿರುಕುಳ ಕೊಟ್ಟವರಲ್ಲಿ ಅರ್ಧದಷ್ಟು ಮಂದಿ ಮಗುವಿಗೆ ಗೊತ್ತಿದ್ದವರು ಅಥವಾ ಮಗುವನ್ನು ನೋಡಿಕೊಳ್ಳುವ ಹೊಣೆ ಹೊತ್ತವರು. ಬಹುಪಾಲು ಮಕ್ಕಳು ನಡೆದದ್ದನ್ನು ಯಾರಿಗೂ ಹೇಳಿರಲಿಲ್ಲ. ಈ ಮಕ್ಕಳಲ್ಲಿ ಯಾರಿಗೂ ಪುಸ್ತಕ ಮಾರುವ ಉದ್ದೇಶ ಇರಲಿಲ್ಲವಲ್ಲ.

ಖ್ಯಾತಿ ಬಂದ ಮೇಲಾದರೂ ಹೇಳಬಹುದಿತ್ತು ಎಂದು ಕೆಲವರು ಬರೆದಿದ್ದಾರೆ. ನನ್ನ ಅಂದಾಜಿನಲ್ಲಿ ಖ್ಯಾತಿ ಬಾಯಿಗೆ ಇನ್ನೊಂದು ಬೀಗ ಹಾಕುತ್ತದೆ. ಊರಿಗೆ ಊರೇ 'ಎಂಥ ಪುಣ್ಯವಂತ ಹುಡುಗಿ' ಎನ್ನುತ್ತಿರುವಾಗ ಆ ಹುಡುಗಿ ಯಾರ ಬಳಿ ಹೋಗಿ ತನ್ನ ನರಕವನ್ನು ಹೇಳಬೇಕು? ಹಾಗೆಂದು ಎಲ್ಲ ತಪ್ಪನ್ನೂ ಟಿ.ವಿ.ಯ ತಲೆಗೆ ಕಟ್ಟುವುದೂ ಸರಿಯಲ್ಲ. ಆಕೆಯ ಮೇಲಿನ ದೌರ್ಜನ್ಯ ಶುರುವಾದದ್ದು ಧಾರಾವಾಹಿಗೆ ಆಯ್ಕೆಯಾಗುವುದಕ್ಕೆ ಎಷ್ಟೋ ವರ್ಷ ಮೊದಲು. ನೆಲ್ಲಿಯ ಪಾತ್ರವೇ ತನಗೆ ಎದುರು ನಿಲ್ಲುವುದನ್ನು ಕಲಿಸಿತು, ಜನರ ದ್ವೇಷವನ್ನೂ ಪ್ರೀತಿಯಿಂದ ಸ್ವೀಕರಿಸುವುದನ್ನು ರೂಢಿ ಮಾಡಿಸಿತು ಎಂಬುದೇ ಪುಸ್ತಕದ ಮುಖ್ಯ ಧಾಟಿ. ತೆರೆಯ ಮೇಲೆ ಯಾರ ಜೊತೆ ಜಡೆ ಹಿಡಿದು ಜಗಳವಾಡುತ್ತಿದ್ದರೋ ಆ ಮೆಲಿಸ್ಸಾ ಗಿಲ್ಬರ್ಟ್ ತೆರೆಯ ಹಿಂದೆ ಆಕೆಯ ಜೀವದ ಗೆಳತಿ. 'ಬಣ್ಣದ ಲೋಕ ಎಂದರೆ ಇಷ್ಟೇ' ಎಂದು ಕೈ ತೊಳೆದುಕೊಳ್ಳುವವರಿಗೆ ಈ ಆತ್ಮಕಥೆ ಅನುಕೂಲ ಮಾಡಿಕೊಡುವುದಿಲ್ಲ. ಅದು ಬೆರಳು ತೋರಿಸುವುದು ಮನೆಯ ಕಡೆಗೆ.

ಮನೆಯಲ್ಲಿ ಓದಲು ಕೊಡಬಹುದೇ ಎಂದರೆ, ದೊಡ್ಡವರು ಮೊದಲು ಓದಬೇಕು. ಆಕೆಗೆ ನಗಿಸುವ ಚಟ. ಅತ್ಯಂತ ಕಷ್ಟದ ಪ್ರಸಂಗದ ಬೆನ್ನಿಗೇ ಹಾಸ್ಯ ಬರುತ್ತದೆ, ನನಗೆ ಕೆಲವೆಡೆ ಅದು ಅತಿಯೆನಿಸಿತು. ಹದಿನಾರು ಹದಿನೇಳು ದಾಟಿದ ಮಕ್ಕಳಿಗೆ ಕೊಡುವುದರಲ್ಲಿ ತಪ್ಪೇನೂ ಕಾಣದು. ಬರೆದವರು ಹೇಳಿದ್ದನ್ನೆಲ್ಲ ಕಣ್ಣು ಮುಚ್ಚಿ ನಂಬಬೇಕೆಂದು ನಾನು ಹೇಳುವುದಿಲ್ಲ; ಆತ್ಮಕಥೆಯಲ್ಲಿ ಉತ್ಪ್ರೇಕ್ಷೆ ಇರಬಹುದು, ಮರೆವು ಇರಬಹುದು. ಆದರೆ ತಡವಾಗಿ ಹೇಳಿದರು ಎಂಬುದೊಂದನ್ನೇ ಸುಳ್ಳಿನ ಸಾಕ್ಷಿಯಾಗಿ ಹಿಡಿಯಬೇಡಿ. ಆ ಮೌನದಿಂದ ಅಷ್ಟು ವರ್ಷ ಯಾರ ಬದುಕು ಸುಗಮವಾಗಿ ಸಾಗಿತು ಎಂದು ಕೇಳಿಕೊಳ್ಳಿ.

ಪ್ರಶ್ನೆ: ಅಕ್ಕಾ, ನನ್ನ ಮಗಳಿಗೆ ಒಂಬತ್ತು ವರ್ಷ. ಡ್ಯಾನ್ಸ್ ಚೆನ್ನಾಗಿ ಮಾಡುತ್ತಾಳೆ. ಬೆಂಗಳೂರಿನಲ್ಲಿ ನಡೆಯುವ ಮಕ್ಕಳ ರಿಯಾಲಿಟಿ ಶೋ ಒಂದರ ಆಡಿಷನ್‌ನಲ್ಲಿ ಮೊದಲ ಸುತ್ತು ಗೆದ್ದಿದ್ದಾಳೆ. ಭತ್ತದ ಕೊಯ್ಲಿನ ದಿನಗಳಾದ್ದರಿಂದ ನಮಗಿಬ್ಬರಿಗೂ ಊರು ಬಿಡಲಾಗದು. ಡ್ಯಾನ್ಸ್ ಕ್ಲಾಸಿನ ಮಾಸ್ತರರು ಎಲ್ಲ ಮಕ್ಕಳನ್ನೂ ತಾವೇ ಸ್ಲೀಪರ್ ಬಸ್ಸಿನಲ್ಲಿ ಕರೆದುಕೊಂಡು ಹೋಗಿ ಬರುತ್ತೇವೆ ಎನ್ನುತ್ತಾರೆ. ಇಂಗ್ಲಿಷಿನಲ್ಲಿರುವ ಕರಾರು ಪತ್ರಕ್ಕೆ ಸಹಿ ಹಾಕಿ ಎಂದಿದ್ದಾರೆ. ನಿಮ್ಮ ಲೇಖನ ಓದಿದ ಮೇಲೆ ಹೆದರಿಕೆಯಾಗಿದೆ. ಕಳಿಸಲೋ ಬೇಡವೋ? — ಸಿಂಧನೂರು

ಉತ್ತರ: ತಂಗಿ, ಹೆದರಿ ಮಗಳ ಕಾಲಿಗೆ ಹಗ್ಗ ಕಟ್ಟುವುದು ಬೇಡ. ಆದರೆ ಈಗ ಹೇಳಿದ ವ್ಯವಸ್ಥೆಯಲ್ಲಂತೂ ಕಳಿಸಬೇಡಿ. ನಿಮ್ಮಿಬ್ಬರಲ್ಲಿ ಒಬ್ಬರು, ಅದಾಗದಿದ್ದರೆ ಮಗಳು ಸಲಿಗೆಯಿಂದ ಮಾತಾಡುವ ಅಜ್ಜಿಯೋ ಚಿಕ್ಕಮ್ಮನೋ ಜೊತೆಗೆ ಇರಲೇಬೇಕು. ಮಾಸ್ತರರ ಮೇಲೆ ನನಗೆ ಅನುಮಾನವಿದೆ ಎಂದಲ್ಲ, ಅವರು ಯಾರೆಂಬುದೂ ನನಗೆ ತಿಳಿಯದು. ರಾತ್ರಿ ಪ್ರಯಾಣ, ಪರವೂರಿನ ಲಾಡ್ಜು, ಒಬ್ಬರೇ ದೊಡ್ಡವರು, ಪ್ರಶ್ನಿಸುವವರು ಇನ್ನೊಬ್ಬರಿಲ್ಲ ಎಂಬ ವ್ಯವಸ್ಥೆಯೇ ತಪ್ಪು. ಅಲ್ಲಿ ಯಾರಿದ್ದರೂ ತಪ್ಪೇ. 'ನಮ್ಮ ಕಡೆಯಿಂದ ಒಬ್ಬರು ಬರುತ್ತಾರೆ' ಎಂದು ಹೇಳಿ ನೋಡಿ. ಒಳ್ಳೆಯ ಮಾಸ್ತರರಾದರೆ ತಮ್ಮ ಹೊರೆ ಇಳಿಯಿತೆಂದು ಸಂತೋಷಪಡುತ್ತಾರೆ. ಮುಖ ಗಂಟಿಕ್ಕಿದರೆ ನಿಮಗೆ ಉತ್ತರ ಸಿಕ್ಕಂತೆ.

ಇನ್ನು ಕಾನೂನು ಏನು ಹೇಳುತ್ತದೆ ಎಂದು ತಿಳಿದುಕೊಳ್ಳಿ, ಏಕೆಂದರೆ ವಾಹಿನಿಯವರು ಅದನ್ನು ತಾವಾಗಿ ನಿಮಗೆ ಓದಿ ಹೇಳುವುದು ಕಡಿಮೆ. 14 ವರ್ಷದೊಳಗಿನ ಮಕ್ಕಳನ್ನು ದುಡಿಸುವುದನ್ನು ನಿಷೇಧಿಸುವ ಕಾಯ್ದೆಗೆ 2016ರಲ್ಲಿ ತಿದ್ದುಪಡಿ ತಂದಾಗ ಸಿನಿಮಾ, ಧಾರಾವಾಹಿ, ಜಾಹೀರಾತಿನಂಥ ಮನರಂಜನೆಯ ಕೆಲಸಕ್ಕೆ ಷರತ್ತಿನ ಮೇಲೆ ವಿನಾಯಿತಿ ಕೊಡಲಾಯಿತು. ಷರತ್ತುಗಳು 2017ರ ನಿಯಮಗಳಲ್ಲಿವೆ. ಚಿತ್ರೀಕರಣ ನಡೆಯುವ ಜಿಲ್ಲೆಯ ಜಿಲ್ಲಾಧಿಕಾರಿಯಿಂದ ನಿರ್ಮಾಪಕರು ಮೊದಲೇ ಅನುಮತಿ ಪಡೆದಿರಬೇಕು; ಮಕ್ಕಳ ಪಟ್ಟಿ, ಹೆತ್ತವರ ಒಪ್ಪಿಗೆ, ಮಕ್ಕಳ ರಕ್ಷಣೆಗೆ ಹೊಣೆಯಾದವರ ಹೆಸರು ಆ ಅರ್ಜಿಯಲ್ಲೇ ಇರಬೇಕು. ದಿನಕ್ಕೆ ಐದು ಗಂಟೆಗಿಂತ ಹೆಚ್ಚು ಕೆಲಸ ಮಾಡಿಸುವಂತಿಲ್ಲ, ಬಿಡುವು ಕೊಡದೆ ಮೂರು ಗಂಟೆ ದಾಟುವಂತಿಲ್ಲ. ಸತತವಾಗಿ 27 ದಿನಕ್ಕಿಂತ ಹೆಚ್ಚು ಕಾಲ ತೊಡಗಿಸಿಕೊಳ್ಳುವಂತಿಲ್ಲ. ಐದು ಮಕ್ಕಳಿಗೆ ಕನಿಷ್ಠ ಒಬ್ಬ ಹೊಣೆಗಾರ ವ್ಯಕ್ತಿಯನ್ನು ನೇಮಿಸಬೇಕು. ಶಾಲೆ ತಪ್ಪದಂತೆ ಏರ್ಪಾಡು ಮಾಡಬೇಕು. ಮಗುವಿನ ಸಂಪಾದನೆಯಲ್ಲಿ ಶೇ. 20ಕ್ಕೆ ಕಡಿಮೆಯಿಲ್ಲದಷ್ಟನ್ನು ಮಗುವಿನ ಹೆಸರಿನಲ್ಲೇ ರಾಷ್ಟ್ರೀಕೃತ ಬ್ಯಾಂಕಿನಲ್ಲಿ ಠೇವಣಿ ಇಡಬೇಕು. ಪ್ರಾಯಕ್ಕೆ ಬಂದ ಮೇಲೆ ಅದು ಅವಳದು.

ಅನುಮತಿ ಪತ್ರದ ನಕಲು ಕೊಡಿ ಎಂದು ಕೇಳಲು ನಿಮಗೆ ಹಕ್ಕಿದೆ. ಕರಾರು ಪತ್ರ ಇಂಗ್ಲಿಷಿನಲ್ಲಿದೆ ಎಂದಿರಲ್ಲ, ಅದನ್ನು ಅರ್ಥವಾಗದೆ ಸಹಿ ಮಾಡಬೇಡಿ. ನಿಮ್ಮೂರಿನ ನ್ಯಾಯಾಲಯದ ಆವರಣದಲ್ಲಿ ತಾಲ್ಲೂಕು ಕಾನೂನು ಸೇವಾ ಸಮಿತಿ ಇರುತ್ತದೆ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ ಪ್ರಕಾರ ಹೆಂಗಸರಿಗೂ ಮಕ್ಕಳಿಗೂ ಆದಾಯ ಎಷ್ಟೇ ಇದ್ದರೂ ಅಲ್ಲಿ ನೆರವು ಉಚಿತ. ಮಧ್ಯದಲ್ಲಿ ಬಿಟ್ಟರೆ ದಂಡ ಕಟ್ಟಬೇಕೇ, ಮಗು ಅತ್ತ ದೃಶ್ಯವನ್ನು ಅವರು ಎಷ್ಟು ವರ್ಷ, ಎಲ್ಲೆಲ್ಲಿ ತೋರಿಸಬಹುದು, ಬೇರೆ ವಾಹಿನಿಗೆ ಹೋಗದಂತೆ ಕಟ್ಟುಪಾಡು ಇದೆಯೇ ಎಂಬ ಮೂರು ಸಂಗತಿಗಳನ್ನು ವಕೀಲರಿಂದ ಓದಿಸಿಕೊಳ್ಳಿ. ಆಯ್ಕೆ ಮಾಡಿಸುತ್ತೇವೆಂದು ಯಾರಾದರೂ ಹಣ ಕೇಳಿದರೆ ಅಲ್ಲಿಗೇ ಮುಗಿಸಿ ಬಿಡಿ.

ದುಡ್ಡಿನ ವಿಷಯ ಇನ್ನೊಂದಿಷ್ಟು ಹೇಳಬೇಕು. ಚಾರ್ಲಿ ಚಾಪ್ಲಿನ್ ಜೊತೆ 1921ರಲ್ಲಿ ತೆರೆಗೆ ಬಂದ ಮೂಕಿ ಚಿತ್ರದಲ್ಲಿ ನಟಿಸಿ ಜಗತ್ತಿಗೇ ಮುದ್ದಾಗಿದ್ದ ಬಾಲಕ ಜಾಕಿ ಕೂಗನ್ ಪ್ರಾಯಕ್ಕೆ ಬಂದು ತನ್ನ ಗಳಿಕೆ ಎಲ್ಲಿ ಎಂದು ಕೇಳಿದಾಗ, ತಾಯಿ ಮತ್ತು ಮಲತಂದೆ ಅದರಲ್ಲಿ ಬಹುಪಾಲನ್ನು ಖರ್ಚು ಮಾಡಿಯಾಗಿತ್ತು. ಆತ ಕೋರ್ಟಿಗೆ ಹೋದ, ಸಿಕ್ಕಿದ್ದು ಅಲ್ಪ. ಆ ಪ್ರಕರಣದಿಂದಲೇ 1939ರಲ್ಲಿ ಕ್ಯಾಲಿಫೋರ್ನಿಯಾ ಬಾಲನಟರ ಗಳಿಕೆಗೆ ಕಾನೂನು ಮಾಡಿತು. ಈಗ ಅಲ್ಲಿ ಶೇ. 15ರಷ್ಟನ್ನು ಮಗುವಿನ ಹೆಸರಿನಲ್ಲಿ ತೆಗೆದಿಡಬೇಕು. ನಮ್ಮದು ಶೇ. 20, ಅವರಿಗಿಂತ ಐದು ಹೆಚ್ಚು. ಆದರೂ ನನ್ನ ಮನಸ್ಸಿಗೆ ಇದು ಸಾಲದು. ಉಳಿದ ಎಂಬತ್ತು ಮನೆಯ ಖರ್ಚಿಗೆ ಬಂದಾಗ ನಿಧಾನವಾಗಿ ಒಂದು ಬದಲಾವಣೆಯಾಗುತ್ತದೆ. ಟ್ರ್ಯಾಕ್ಟರಿನ ಕಂತು, ಅಣ್ಣನ ಕಾಲೇಜಿನ ಫೀಸು ಆ ಮಗುವಿನ ಕುಣಿತದ ಮೇಲೆ ನಿಲ್ಲುತ್ತವೆ. ಆಮೇಲೆ ಅವಳು 'ಅಲ್ಲಿ ಒಬ್ಬ ಅಂಕಲ್ ನನಗೆ ಇಷ್ಟವಿಲ್ಲ, ನಾನು ಹೋಗೊಲ್ಲ' ಎಂದರೆ, ನಮಗೇ ತಿಳಿಯದಂತೆ ನಮ್ಮ ಕಿವಿ ಮಂದವಾಗಿರುತ್ತದೆ. ಸಾಧ್ಯವಾದರೆ ಬಂದದ್ದಷ್ಟನ್ನೂ ಅವಳ ಖಾತೆಯಲ್ಲೇ ಇಡಿ, ಮನೆ ಹೊಲದಿಂದಲೇ ನಡೆಯಲಿ.

ನಿಯಮದಲ್ಲಿ ಇನ್ನೊಂದು ಸಾಲಿದೆ, ಯಾರೂ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಮಗುವಿನ ಇಚ್ಛೆಗೆ ವಿರುದ್ಧವಾಗಿ ಅದನ್ನು ಇಂಥ ಕೆಲಸಕ್ಕೆ ಹಚ್ಚುವಂತಿಲ್ಲ. ಮಗಳನ್ನು ಒಬ್ಬಳನ್ನೇ ಕೂರಿಸಿಕೊಂಡು, ಬಟ್ಟೆ ಬದಲಿಸುವ ಕೋಣೆಗೆ ಯಾರು ಬರಬಹುದು ಯಾರು ಬರಬಾರದು ಎಂಬುದನ್ನು ಬಿಡಿಸಿ ಹೇಳಿ. 'ಅಪ್ಪ ಅಮ್ಮನಿಗೆ ಹೇಳಬೇಡ' ಎಂದು ಯಾವ ದೊಡ್ಡವರು ಹೇಳಿದರೂ ಅದೇ ಮೊದಲು ಹೇಳಬೇಕಾದ ಸುದ್ದಿ ಎಂದು ತಿಳಿಸಿ. ದಿನಾ ಸಂಜೆ ಅವಳೊಬ್ಬಳೇ ಇರುವಾಗ ಫೋನು ಮಾಡಿ. ಸ್ಪೀಕರ್ ಹಾಕಿಕೊಂಡು ಎಲ್ಲರ ನಡುವೆ ಆಡುವ ಮಾತಿನಿಂದ ಏನೂ ತಿಳಿಯದು. ಆಮೇಲೆ ಅವಳು ಹೋಗುತ್ತೇನೆ ಎಂದರೆ, ಖುಷಿಯಿಂದ ಕಳಿಸಿ.

ಪ್ರಶ್ನೆ: ಜಾಕಿ ಕೂಗನ್, ಆರ್ನ್‌ಗ್ರಿಮ್ ಇವರ ಕಥೆಗಳನ್ನೆಲ್ಲ ನೋಡಿದರೆ ಬಾಲನಟರ ಬದುಕು ಹೀಗೇ ಎಂದು ತೀರ್ಮಾನಿಸಬಹುದೇ? — ಪದವಿ ವಿದ್ಯಾರ್ಥಿನಿ, ರಾಯಚೂರು

ಉತ್ತರ: ಖಂಡಿತ ಇಲ್ಲ. ಕೈಗೂಸಾಗಿದ್ದಾಗಲೇ ತೆರೆಗೆ ಬಂದ ಪುನೀತ್ ರಾಜ್‌ಕುಮಾರ್ 1985ರ ಚಿತ್ರವೊಂದರ ಅಭಿನಯಕ್ಕೆ ಅತ್ಯುತ್ತಮ ಬಾಲನಟ ರಾಷ್ಟ್ರಪ್ರಶಸ್ತಿ ಪಡೆದರು, ಮುಂದೆ ನಾಯಕನಟರಾದರು. ತೆರೆಯ ಮೇಲೆ ಹೆಸರಿನ ಹಿಂದೆ 'ಮಾಸ್ಟರ್', 'ಬೇಬಿ' ಎಂದು ಹಾಕಿಸಿಕೊಂಡ ಎಷ್ಟೋ ಮಂದಿ ಆಮೇಲೆ ಸದ್ದಿಲ್ಲದೆ ಓದಿ, ಉದ್ಯೋಗ ಹಿಡಿದು, ಮೊಮ್ಮಕ್ಕಳನ್ನು ಕಂಡಿದ್ದಾರೆ. ಅವರು ಆತ್ಮಕಥೆ ಬರೆಯುವುದು ಕಡಿಮೆ, ಬರೆದರೂ ಅದರ ಸುದ್ದಿಯಾಗುವುದು ಕಡಿಮೆ. ಒಂದು ಮಾತು ಮಾತ್ರ ಹೇಳುತ್ತೇನೆ. ನೆಲ್ಲಿಯ ಪಾತ್ರದ ಮೇಲಿನ ಸಿಟ್ಟನ್ನು ಜನ ಎದುರು ಸಿಕ್ಕ ಆ ಹುಡುಗಿಯ ಮೇಲೇ ತೀರಿಸಿಕೊಳ್ಳುತ್ತಿದ್ದರು. ಈಗ ಅದಕ್ಕೆ ಎದುರು ಸಿಗಲೂ ಬೇಕಿಲ್ಲ, ಕೈಯಲ್ಲಿ ಮೊಬೈಲಿದ್ದರೆ ಸಾಕು. ಧಾರಾವಾಹಿಯಲ್ಲಿ ಕೆಟ್ಟ ಮಗುವಿನ ಪಾತ್ರ ಮಾಡುವ ಮಗುವಿನ ಚಿತ್ರದ ಕೆಳಗೆ ನಮ್ಮವರು ಬರೆಯುವುದನ್ನು ನೋಡಿದರೆ ತಲೆ ತಗ್ಗಿಸುವಂತಾಗುತ್ತದೆ.

ಪ್ರಶ್ನೆ: ಊರು ಹೆಸರು ಬೇಡ. ನಾನು ಐದನೆಯ ತರಗತಿಯಲ್ಲಿದ್ದಾಗ, 2009ರಲ್ಲಿ, ನಮ್ಮೂರ ಜಾತ್ರೆಯ ನಾಟಕದಲ್ಲಿ ಬಾಲಕನ ಪಾತ್ರ ಮಾಡಿದೆ. ಊರೆಲ್ಲ ಹೊಗಳಿತು. ಆದರೆ ತಿಂಗಳುಗಟ್ಟಲೆ ರಾತ್ರಿ ನಡೆದ ತಾಲೀಮಿನ ಸಮಯದಲ್ಲಿ ನಾಟಕ ಕಲಿಸುತ್ತಿದ್ದವರೊಬ್ಬರು ನನ್ನನ್ನು ಬಳಸಿಕೊಂಡರು. ಹುಡುಗನಾಗಿ ಯಾರಿಗೆ ಹೇಳಲಿ ಎಂದು ಸುಮ್ಮನಾದೆ. ಈಗ ಮದುವೆಯಾಗಿದೆ, ಹೆಂಡತಿಗೂ ಗೊತ್ತಿಲ್ಲ. ಹಾರ್ಮೋನಿಯಂ ಸದ್ದು ಕೇಳಿದರೆ ಈಗಲೂ ಕೈ ಬೆವರುತ್ತದೆ. ಗಂಡುಮಕ್ಕಳಿಗೂ ಕಾನೂನು ಇದೆಯೇ? ಕಾಲ ಮೀರಿದೆಯೇ? ಆ ನಟಿಯ ಹಾಗೆ ನಾನೂ ಬರೆಯಬಹುದೇ? — ಕೊಪ್ಪಳ ಜಿಲ್ಲೆ

ಉತ್ತರ: ತಮ್ಮಾ, ನೀವು ಬರೆದದ್ದನ್ನು ನಾನು ನಂಬುತ್ತೇನೆ. ಅದರಲ್ಲಿ ನಿಮ್ಮ ತಪ್ಪು ಎಳ್ಳಷ್ಟೂ ಇಲ್ಲ. ಪಾತ್ರ ಸಿಕ್ಕಿದ್ದಕ್ಕೆ ನೀವು ಖುಷಿಪಟ್ಟದ್ದಾಗಲಿ, ಮರುದಿನ ಮತ್ತೆ ತಾಲೀಮಿಗೆ ಹೋದದ್ದಾಗಲಿ ಒಪ್ಪಿಗೆಯ ಗುರುತಲ್ಲ. ಹುಡುಗರಿಗೆ ಹೀಗಾಗುವುದಿಲ್ಲ ಎಂದು ನಂಬಿಕೊಂಡ ಊರಿನಲ್ಲಿ ಹುಡುಗನಾಗಿ ಬಾಯಿ ಬಿಡುವುದು ಎರಡು ಪಟ್ಟು ಕಷ್ಟ. ಮೇಲೆ ಹೇಳಿದ 2007ರ ಅಧ್ಯಯನದಲ್ಲಿ ಲೈಂಗಿಕ ಕಿರುಕುಳವಾಗಿದೆ ಎಂದು ಹೇಳಿಕೊಂಡ ಮಕ್ಕಳಲ್ಲಿ ಶೇ. 52.94ರಷ್ಟು ಗಂಡುಮಕ್ಕಳೇ ಇದ್ದರು. ನೀವು ಒಬ್ಬಂಟಿಯಲ್ಲ, ಹೊರಗೆ ಕಾಣದಷ್ಟೇ.

ಪೋಕ್ಸೊ ಕಾಯ್ದೆ ಹೆಣ್ಣು ಗಂಡು ಎಂದು ಭೇದ ಮಾಡುವುದಿಲ್ಲ, 18 ವರ್ಷದೊಳಗಿನ ಎಲ್ಲರಿಗೂ ಅದು ಅನ್ವಯ. ಆದರೆ ನಿಮ್ಮ ಪ್ರಕರಣ ಅದು ಜಾರಿಗೆ ಬರುವ ಮುನ್ನ ನಡೆದದ್ದರಿಂದ ಅಂದಿನ ಭಾರತೀಯ ದಂಡ ಸಂಹಿತೆಯಡಿ ನೋಡಬೇಕಾಗುತ್ತದೆ. ಆ ಸಂಹಿತೆಯ 377ನೆಯ ಕಲಮು ಗಂಡುಮಕ್ಕಳ ಮೇಲಿನ ಇಂಥ ಕೃತ್ಯಗಳಿಗೆ ಅನ್ವಯಿಸುತ್ತಿತ್ತು. 2018ರಲ್ಲಿ ಸುಪ್ರೀಂ ಕೋರ್ಟ್ ವಯಸ್ಕರ ನಡುವಿನ ಸಮ್ಮತಿಯ ಸಂಬಂಧವನ್ನು ಮಾತ್ರ ಅದರಿಂದ ಹೊರಗಿಟ್ಟಿತು, ಮಕ್ಕಳ ಮೇಲಿನ ಅಪರಾಧಕ್ಕೆ ಅದು ಉಳಿದುಕೊಂಡಿತು. 2024ರ ಜುಲೈ 1ರಿಂದ ಹೊಸ ಸಂಹಿತೆ ಬಂದಿದ್ದರೂ ಅದಕ್ಕೂ ಹಿಂದಿನ ಅಪರಾಧಗಳಿಗೆ ಹಳೆಯದೇ ಲೆಕ್ಕ. ಮೂರು ವರ್ಷಕ್ಕಿಂತ ಹೆಚ್ಚು ಶಿಕ್ಷೆಯಿರುವ ಅಪರಾಧಗಳಿಗೆ ದೂರು ಕೊಡಲು ಕಾಲಮಿತಿ ಇಲ್ಲ. ಹೀಗಾಗಿ ಕಾನೂನಿನ ಬಾಗಿಲು ಮುಚ್ಚಿಲ್ಲ. ಆದರೆ ಇಷ್ಟು ವರ್ಷಗಳ ನಂತರ ಸಾಕ್ಷ್ಯ ಒದಗಿಸುವುದು ಸುಲಭವಲ್ಲ ಎಂಬುದನ್ನು ಮುಚ್ಚಿಡುವುದು ನಿಮಗೆ ಮೋಸ ಮಾಡಿದಂತೆ. ದೂರು ಕೊಡುವುದು ಬಿಡುವುದು ಸಂಪೂರ್ಣ ನಿಮ್ಮ ನಿರ್ಧಾರ, ಕೊಡದಿದ್ದರೆ ಹೇಡಿತನವೂ ಅಲ್ಲ. ಒಂದನ್ನು ಮಾತ್ರ ಯೋಚಿಸಿ. ಆ ವ್ಯಕ್ತಿ ಈಗಲೂ ಊರೂರಲ್ಲಿ ಮಕ್ಕಳಿಗೆ ನಾಟಕ ಕಲಿಸುತ್ತಿದ್ದಾನೆಯೇ? ಈಗ ಯಾವುದಾದರೂ ಮಗುವಿಗೆ ಹಾಗಾಗುತ್ತಿದೆ ಎಂದು ನಿಮಗೆ ತಿಳಿದರೆ ಅದನ್ನು ತಿಳಿಸುವುದು ಕಾನೂನಿನ ಪ್ರಕಾರ ಕರ್ತವ್ಯವೇ ಆಗುತ್ತದೆ.

ಬೆವರುವ ಕೈಗೆ ಮದ್ದಿದೆ. ನಮ್ಮ ಭಾಗದವರಿಗೆ ಮಾನಸಿಕ ಚಿಕಿತ್ಸೆ ಎಂದರೆ ಬೆಂಗಳೂರಿನ ನಿಮ್ಹಾನ್ಸ್ ಎಂದೇ ನೆನಪಿಗೆ ಬರುತ್ತದೆ. ಆದರೆ ಅದೇ ನಿಮ್ಹಾನ್ಸ್ 1985ರಿಂದ 1990ರವರೆಗೆ ಬಳ್ಳಾರಿ ಜಿಲ್ಲೆಯಲ್ಲಿ, ಊರಿನ ಆರೋಗ್ಯ ಕೇಂದ್ರಗಳಲ್ಲೇ ಮಾನಸಿಕ ಚಿಕಿತ್ಸೆ ಕೊಡುವ ಪ್ರಯೋಗ ನಡೆಸಿತು. 1996ರಲ್ಲಿ ದೇಶದಲ್ಲಿ ಶುರುವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಆ 'ಬಳ್ಳಾರಿ ಮಾದರಿ'ಯೇ ಬುನಾದಿ. ನಿಮ್ಮ ಜಿಲ್ಲಾ ಆಸ್ಪತ್ರೆಯ ಮನೋರೋಗ ವಿಭಾಗಕ್ಕೆ ಹೋಗಿ. ಅಲ್ಲಿ ಗುರುತಿನವರು ಕಂಡಾರು ಎಂಬ ಅಳುಕಿದ್ದರೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ಹೆಂಡತಿಗೆ ಇಂದೇ ಹೇಳಬೇಕೆಂಬ ಹರಕೆಯೇನೂ ಇಲ್ಲ. ಮೊದಲು ಆಪ್ತಸಮಾಲೋಚಕರ ಮುಂದೆ ಬಾಯಿಬಿಟ್ಟು ಹೇಳಿ ರೂಢಿಯಾದರೆ ಮನೆಯಲ್ಲಿ ಹೇಳುವುದು ಅಷ್ಟು ಭಾರವಾಗದು.

ಬರೆಯುವುದಾದರೆ ಬರೆಯಿರಿ. ಯಾರಿಗೂ ತೋರಿಸದೆ ಬರೆದು ಪೆಟ್ಟಿಗೆಯಲ್ಲಿಟ್ಟರೂ ಅದು ಬರಹವೇ. ಅಚ್ಚಿಗೆ ಕೊಡುವಾಗ ಆ ವ್ಯಕ್ತಿಯ ಹೆಸರು, ಊರು ಹಾಕಿದರೆ ಆತ ಮಾನನಷ್ಟ ಮೊಕದ್ದಮೆ ಹೂಡಬಹುದು. ಸಾರ್ವಜನಿಕ ಹಿತಕ್ಕಾಗಿ ಆಡಿದ ಸತ್ಯ ಮಾನಹಾನಿಯಲ್ಲ ಎಂದು ಕಾನೂನಿನಲ್ಲಿದ್ದರೂ ಅದನ್ನು ಕೋರ್ಟಿನಲ್ಲಿ ಸಾಬೀತು ಮಾಡುವ ಹೊರೆ ನಿಮ್ಮ ಮೇಲೆ ಬೀಳುತ್ತದೆ. ಆದ್ದರಿಂದ ಹೆಸರು ಹಾಕುವ ಮುನ್ನ ವಕೀಲರಿಗೆ ತೋರಿಸಿ. ಆರ್ನ್‌ಗ್ರಿಮ್ ಕೂಡ ನೇರವಾಗಿ ಪುಸ್ತಕಕ್ಕೆ ಕೈ ಹಾಕಲಿಲ್ಲ. 1986ರಲ್ಲಿ ಏಡ್ಸ್‌ನಿಂದ ತೀರಿಕೊಂಡ ಸಹನಟ ಸ್ಟೀವ್ ಟ್ರೇಸಿಯ ನೆನಪಿನಲ್ಲಿ ಆ ರೋಗಿಗಳಿಗಾಗಿ ವರ್ಷಗಟ್ಟಲೆ ದುಡಿದರು, ಆಮೇಲೆ ಮಕ್ಕಳ ಪರ ಕಾನೂನಿಗಾಗಿ ನಿಂತರು, ಪುಸ್ತಕ ಬಂದದ್ದು ಅದಾದ ಮೇಲೆ. ನಿಮಗೂ ಅವಸರವಿಲ್ಲ.

ಪ್ರಶ್ನೆ: ನಾನು ಪ್ರಾಥಮಿಕ ಶಾಲೆಯ ಶಿಕ್ಷಕಿ. ಮಗುವೊಂದು ಇಂಥದ್ದೇನಾದರೂ ನನ್ನ ಬಳಿ ಹೇಳಿಕೊಂಡರೆ ಮೊದಲು ಯಾರಿಗೆ ತಿಳಿಸಬೇಕು? ಮುಖ್ಯಗುರುಗಳಿಗೋ, ಹೆತ್ತವರಿಗೋ? ಶಾಲೆಯ ಹೆಸರು ಕೆಡುತ್ತದೆಂದು ಎಲ್ಲರೂ ಹಿಂಜರಿಯುತ್ತಾರೆ. — ಲಿಂಗಸುಗೂರು

ಉತ್ತರ: ಪೊಲೀಸರಿಗೆ. ಪೋಕ್ಸೊ ಕಾಯ್ದೆಯ 19ನೆಯ ಕಲಮಿನ ಪ್ರಕಾರ ಇದು ನಿಮ್ಮ ಹೊಣೆ, ಮುಖ್ಯಗುರುಗಳ ಅಪ್ಪಣೆಗೆ ಕಾಯಬೇಕಿಲ್ಲ. ಮಕ್ಕಳ ಸಹಾಯವಾಣಿ 1098 ಅಥವಾ ತುರ್ತು ಸಂಖ್ಯೆ 112ಕ್ಕೆ ಕರೆ ಮಾಡಿದರೂ ಆದೀತು. ತಿಳಿದೂ ತಿಳಿಸದಿದ್ದರೆ ಆರು ತಿಂಗಳವರೆಗೆ ಸೆರೆ ಅಥವಾ ದಂಡ. ತಮ್ಮ ಕೈಕೆಳಗಿನವರು ಮಾಡಿದ ಅಪರಾಧವನ್ನು ಸಂಸ್ಥೆಯ ಮುಖ್ಯಸ್ಥರು ಮುಚ್ಚಿಟ್ಟರೆ ಒಂದು ವರ್ಷದವರೆಗೆ. ಒಳ್ಳೆಯ ಮನಸ್ಸಿನಿಂದ ಮಾಹಿತಿ ಕೊಟ್ಟವರ ಮೇಲೆ ಯಾವ ಮೊಕದ್ದಮೆಯೂ ಬರದಂತೆ ಅದೇ ಕಾಯ್ದೆ ರಕ್ಷಿಸುತ್ತದೆ. ಇದನ್ನು ಸಿಬ್ಬಂದಿ ಸಭೆಯಲ್ಲಿ ಒಮ್ಮೆ ಗಟ್ಟಿಯಾಗಿ ಓದಿ ಹೇಳಿದರೆ ಹಿಂಜರಿಕೆ ಅರ್ಧ ಇಳಿಯುತ್ತದೆ.

ಮಗುವಿನ ಮುಂದೆ ಗಾಬರಿ ತೋರಿಸಬೇಡಿ, 'ನಿಜ ಹೇಳುತ್ತಿದ್ದೀಯಾ' ಎಂದು ಕೇಳಬೇಡಿ, ಬಿಡಿಸಿ ಬಿಡಿಸಿ ವಿಚಾರಿಸಬೇಡಿ. ಅದು ಆಡಿದ ಮಾತನ್ನು ಅದರ ಮಾತಿನಲ್ಲೇ, ದಿನಾಂಕ ಹಾಕಿ ಬರೆದಿಟ್ಟುಕೊಳ್ಳಿ. ಆರೋಪಿಯನ್ನೂ ಮಗುವನ್ನೂ ಎದುರುಬದುರು ನಿಲ್ಲಿಸಿ ಕೇಳುವುದು, ಊರ ಹಿರಿಯರನ್ನು ಕರೆಸಿ ರಾಜಿ ಮಾಡಿಸುವುದು ಇವೆರಡಕ್ಕೂ ಎಡೆಗೊಡಬೇಡಿ. ಹೆತ್ತವರಿಗೆ ತಿಳಿಸಲೇಬೇಕು, ಆದರೆ ಆರೋಪ ಮನೆಯವರ ಮೇಲೇ ಇದ್ದರೆ ಅದನ್ನು ಮಕ್ಕಳ ಕಲ್ಯಾಣ ಸಮಿತಿಗೆ ಬಿಡಿ. ಪೊಲೀಸರು 24 ಗಂಟೆಯೊಳಗೆ ಆ ಸಮಿತಿಗೂ ವಿಶೇಷ ನ್ಯಾಯಾಲಯಕ್ಕೂ ವರದಿ ಕೊಡಬೇಕು.

ಠಾಣೆಗೆ ಮಗುವನ್ನು ಎಳೆದಾಡುತ್ತಾರೆಂಬ ಭಯ ಹೆತ್ತವರಿಗಿರುತ್ತದೆ. ಅದಕ್ಕೂ ಉತ್ತರ ಕಾಯ್ದೆಯಲ್ಲೇ ಇದೆ. ಮಗುವಿನ ಹೇಳಿಕೆಯನ್ನು ಅದರ ಮನೆಯಲ್ಲಿ ಅಥವಾ ಅದಕ್ಕೆ ಒಗ್ಗುವ ಜಾಗದಲ್ಲಿ, ಸಮವಸ್ತ್ರ ತೊಡದ ಅಧಿಕಾರಿ, ಸಾಧ್ಯವಿದ್ದಷ್ಟೂ ಸಬ್‌ಇನ್‌ಸ್ಪೆಕ್ಟರ್ ದರ್ಜೆಗೆ ಕಡಿಮೆಯಿಲ್ಲದ ಮಹಿಳೆ, ಮಗು ನಂಬುವವರೊಬ್ಬರ ಸಮ್ಮುಖದಲ್ಲಿ ಬರೆದುಕೊಳ್ಳಬೇಕು. ಹೆಣ್ಣುಮಗುವಿನ ತಪಾಸಣೆಯನ್ನು ವೈದ್ಯೆಯೇ ಮಾಡಬೇಕು. ರಾತ್ರಿ ಹೊತ್ತು ಮಗುವನ್ನು ಠಾಣೆಯಲ್ಲಿ ಇರಿಸಿಕೊಳ್ಳುವಂತಿಲ್ಲ. ಗುರುತು ಬಯಲಾಗುವಂತೆ ಪತ್ರಿಕೆಗಳು ಬರೆಯುವಂತಿಲ್ಲ, ಶಾಲೆಯ ಹೆಸರೂ ಅದರಲ್ಲಿ ಸೇರುತ್ತದೆ ಎಂಬುದನ್ನು ನಿಮ್ಮ ಮುಖ್ಯಗುರುಗಳಿಗೆ ಹೇಳಿ. ವಿಚಾರಣೆ ಮುಗಿಯುವವರೆಗೆ ಮಗುವಿನ ಜೊತೆಗಿರಲು ಒಬ್ಬ ಬೆಂಬಲ ವ್ಯಕ್ತಿಯನ್ನು ಕಲ್ಯಾಣ ಸಮಿತಿ ನೇಮಿಸಬಹುದು. ತಾನಾಗಿ ನೇಮಿಸದಿದ್ದರೆ ಹೆತ್ತವರಿಂದ ಅರ್ಜಿ ಕೊಡಿಸಿ.